ಮೊದಲ ಸಾಲಿನ ವ್ಯಾಪಾರ

ಅಮೆರಿಕದ ಕಾನ್ಸಾಸ್ ಸಂಸ್ಥಾನದಲ್ಲಿ ಜಿರಾರ್ಡ್ ಎಂಬ ಸಣ್ಣ ಊರಿದೆ. 1920ರ ದಶಕದಲ್ಲಿ ಅಲ್ಲಿನ ಅಚ್ಚುಕೂಟವೊಂದರಿಂದ ಅಂಗಿಯ ಜೇಬಿನಲ್ಲಿ ಹಿಡಿಸುವಂಥ ಪುಟ್ಟ ಪುಸ್ತಕಗಳು ಮೂಟೆಗಟ್ಟಲೆ ಅಂಚೆಗೆ ಬೀಳುತ್ತಿದ್ದವು. ಒಂದರ ಬೆಲೆ 5 ಸೆಂಟ್. ‘ಲಿಟಲ್ ಬ್ಲೂ ಬುಕ್ಸ್’ ಎಂಬ ಆ ಮಾಲೆಯ ಪ್ರಕಾಶಕ ಇಮ್ಯಾನುಯೆಲ್ ಹಾಲ್ಡಮನ್-ಜೂಲಿಯಸ್. ಪತ್ರಿಕೆಗಳಲ್ಲಿ ಆತ ಕೊಡುತ್ತಿದ್ದ ಜಾಹೀರಾತಿನಲ್ಲಿ ವರ್ಣನೆ ಇರುತ್ತಿರಲಿಲ್ಲ. ಪುಟದ ತುಂಬ ಪುಸ್ತಕಗಳ ಹೆಸರು, ಪಕ್ಕದಲ್ಲಿ ಒಂದು ಸಂಖ್ಯೆ, ಅಷ್ಟೇ. ಓದುಗರು ಬೇಕಾದ ಸಂಖ್ಯೆಗಳನ್ನು ಗುರುತು ಮಾಡಿ ಹಣ ಕಳಿಸಬೇಕಿತ್ತು. ಹೀಗಾಗಿ ಪುಸ್ತಕವನ್ನು ಮಾರುವ ಹೊಣೆಯೆಲ್ಲ ಅದರ ಹೆಸರಿನ ಮೇಲೆಯೇ ಬೀಳುತ್ತಿತ್ತು.

ವರ್ಷಕ್ಕೆ 10,000 ಪ್ರತಿ ಮಾರಾಟವಾಗದ ಪುಸ್ತಕವನ್ನು ಆತ ‘ಆಸ್ಪತ್ರೆ’ಗೆ ಸೇರಿಸುತ್ತಿದ್ದ. ಕಚೇರಿಯಲ್ಲಿ ಸೊರಗಿದ ಪುಸ್ತಕಗಳ ವಿಭಾಗಕ್ಕೆ ಇಟ್ಟ ಹೆಸರು ಅದು. ಅಲ್ಲಿ ನಡೆಯುತ್ತಿದ್ದ ಮುಖ್ಯ ಚಿಕಿತ್ಸೆ ಹೆಸರು ಬದಲಿಸುವುದು. ಫ್ರೆಂಚ್ ಲೇಖಕ ಗೋತಿಯೇನ ಕಥೆಯೊಂದು ‘ಚಿನ್ನದ ತುಪ್ಪಳ’ ಎಂಬ ಅರ್ಥದ ಹೆಸರಿನಲ್ಲಿ 1925ರಲ್ಲಿ 6,000 ಪ್ರತಿ ಮಾರಾಟವಾಗಿತ್ತು. ಅದಕ್ಕೆ ‘ಹೊಂಗೂದಲ ಪ್ರೇಯಸಿಯ ಹುಡುಕಾಟ’ ಎಂಬರ್ಥದ ಹೆಸರಿಟ್ಟ ಮೇಲೆ 1926ರಲ್ಲಿ 50,000 ಪ್ರತಿ ಹೋಯಿತು. ಷೋಪೆನ್‌ಹೋವರನ ‘ವಾದಕಲೆ’ಯನ್ನು ಕೇಳುವವರೇ ಇರಲಿಲ್ಲ, ‘ತರ್ಕಬದ್ಧವಾಗಿ ವಾದಿಸುವುದು ಹೇಗೆ’ ಎಂದಾದ ಮೇಲೆ ಅದೇ ಪುಸ್ತಕ 30,000ದ ಗಡಿ ಮುಟ್ಟಿತು. ಒಳಗಿನ ಒಂದು ಅಕ್ಷರವೂ ಬದಲಾಗಿರಲಿಲ್ಲ. ಈ ಲೆಕ್ಕಗಳನ್ನೆಲ್ಲ ಹಾಲ್ಡಮನ್-ಜೂಲಿಯಸ್ 1928ರಲ್ಲಿ ಒಂದು ಪುಸ್ತಕವಾಗಿಯೇ ಬರೆದಿಟ್ಟ.

ಇಂದು ಮೊಬೈಲಿನಲ್ಲಿ ಸೀರೆಯನ್ನೋ ಮಿಕ್ಸಿಯನ್ನೋ ಕೋಚಿಂಗ್ ತರಗತಿಯನ್ನೋ ಮಾರುವ ಪುಟ ತೆರೆದರೆ ಎಲ್ಲಕ್ಕಿಂತ ಮೇಲೆ ಕಾಣುವ ಒಂದು ಸಾಲು ಆ ಜಿರಾರ್ಡಿನ ಪಟ್ಟಿಯ ವಂಶಕ್ಕೇ ಸೇರಿದ್ದು. ಆನ್‌ಲೈನ್ ವ್ಯಾಪಾರದ ಬರವಣಿಗೆ ಕಂಪ್ಯೂಟರಿನ ಜೊತೆ ಹುಟ್ಟಿತೆಂದು ಅನೇಕರು ತಿಳಿದಿದ್ದಾರೆ. ಅದು ಹುಟ್ಟಿದ್ದು ಅಂಚೆಯಲ್ಲಿ, ಸುಮಾರು 150 ವರ್ಷಗಳ ಹಿಂದೆ.

1872ರಲ್ಲಿ ಶಿಕಾಗೋದ ಏರನ್ ಮಾಂಟ್ಗೊಮರಿ ವಾರ್ಡ್ ಒಂದೇ ಹಾಳೆಯ ಬೆಲೆಪಟ್ಟಿ ಅಚ್ಚು ಹಾಕಿಸಿ ರೈತರಿಗೆ ಕಳಿಸಿದ. ಅದರಲ್ಲಿದ್ದದ್ದು 163 ಸರಕುಗಳು. ಊರೂರು ತಿರುಗಿ ಮಾರುತ್ತಿದ್ದ ವಾರ್ಡ್‌ಗೆ ಹಳ್ಳಿಯವರ ಸಂಕಟ ಗೊತ್ತಿತ್ತು. ಊರಿಗೊಂದೇ ಅಂಗಡಿ, ಅಂಗಡಿಯವನು ಹೇಳಿದ್ದೇ ಬೆಲೆ. ನೇರವಾಗಿ ಅಂಚೆಯಲ್ಲಿ ತರಿಸಿಕೊಂಡರೆ ನಡುವಿನವರ ಲಾಭ ಉಳಿಯುತ್ತದೆ ಎಂಬುದು ಆತನ ವಾದ. ಆದರೆ ಕಾಣದ ಸರಕನ್ನು ಕಾಣದ ಮನುಷ್ಯನಿಂದ ಯಾರು ಕೊಳ್ಳುತ್ತಾರೆ? 1875ರಲ್ಲಿ ಆತ, ಮಾಲು ಒಪ್ಪಿಗೆಯಾಗದಿದ್ದರೆ ಹಣ ವಾಪಸು ಎಂದು ಮಾತು ಕೊಟ್ಟ. 1886ರಲ್ಲಿ ಮಿನೆಸೋಟದ ರೈಲು ನಿಲ್ದಾಣವೊಂದರ ಏಜೆಂಟನಾಗಿದ್ದ ರಿಚರ್ಡ್ ಸಿಯರ್ಸ್, ವ್ಯಾಪಾರಿಯೊಬ್ಬ ಬೇಡವೆಂದು ಬಿಟ್ಟ ಗಡಿಯಾರಗಳನ್ನು ಬೇರೆ ನಿಲ್ದಾಣಗಳ ಏಜೆಂಟರಿಗೆ ಮಾರಿ ಇದೇ ದಾರಿಗೆ ಬಂದ. ಮುಂದೆ ಆತನ ಕಂಪನಿ ವಾರ್ಡ್‌ನ ಕಂಪನಿಗೆ ಸರಿಸಾಟಿಯಾಗಿ ಬೆಳೆಯಿತು. ಹೆಚ್ಚಿನ ಜಾಹೀರಾತುಗಳನ್ನು ಸಿಯರ್ಸ್ ತಾನೇ ಬರೆಯುತ್ತಿದ್ದ.

ನಮ್ಮಲ್ಲೂ ಇದೇ ಹೊತ್ತಿಗೆ ದಾರಿ ತೆರೆಯಿತು. ಭಾರತದ ಅಂಚೆ ಇಲಾಖೆ 1877ರಲ್ಲಿ ವಿ.ಪಿ.ಪಿ. (ವ್ಯಾಲ್ಯೂ ಪೇಯಬಲ್ ಪೋಸ್ಟ್) ಪದ್ಧತಿಯನ್ನು ಜಾರಿಗೆ ತಂದಿತು. ಪಾರ್ಸೆಲ್ ಮನೆ ಬಾಗಿಲಿಗೆ ಬಂದಾಗ ಅಂಚೆಯವನ ಕೈಗೆ ದುಡ್ಡು ಕೊಟ್ಟರಾಯಿತು. ಇಂದಿನ ‘ಕ್ಯಾಶ್ ಆನ್ ಡೆಲಿವರಿ’ಯ ಮುತ್ತಜ್ಜ ಅದೇ. ಪುಸ್ತಕ, ಕೈಗಡಿಯಾರ, ಕೂದಲೆಣ್ಣೆ, ಪಂಚಾಂಗ ಎಲ್ಲವೂ ವಿ.ಪಿ.ಪಿ. ಮೂಲಕ ಹಳ್ಳಿಗಳಿಗೆ ಹೋದವು.

ಅಂಗಡಿಯ ಗಲ್ಲಾದಲ್ಲಿ ಕೂತವನಿಗೆ ಗಿರಾಕಿಯ ಮುಖ ಕಾಣುತ್ತದೆ. ಹುಬ್ಬು ಗಂಟಿಕ್ಕಿದರೆ ಬೆಲೆ ಇಳಿಸುತ್ತಾನೆ, ಕಣ್ಣು ಅರಳಿದರೆ ಇನ್ನೊಂದು ಥಾನು ಬಿಚ್ಚುತ್ತಾನೆ. ಅಂಚೆಯ ವ್ಯಾಪಾರಿಗೆ ಆ ಅನುಕೂಲವಿಲ್ಲ. ಕಾಗದ ಬಿಚ್ಚಿದವನು ಎರಡನೆಯ ಸಾಲಿಗೆ ಹೋಗದೆ ಒಲೆಗೆ ಹಾಕಿದರೆ ಅದನ್ನು ತಡೆಯುವವರಿಲ್ಲ. ಮೊದಲ ಸಾಲು ಒಂದು ಕಸುಬಾಗಿ ಬೆಳೆದದ್ದು ಈ ಇಕ್ಕಟ್ಟಿನಿಂದಲೇ.

ಆ ಕಸುಬಿನ ಬಾಲ್ಯ ಮಾತ್ರ ಚೆನ್ನಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಅಮೆರಿಕದಲ್ಲಿ ಪತ್ರಿಕೆಗಳ ಜಾಹೀರಾತು ಪುಟಗಳನ್ನು ಆಳುತ್ತಿದ್ದದ್ದು ಸರ್ವರೋಗ ಪರಿಹಾರದ ಬಾಟಲಿಗಳು. ಓದುವವರಿಗೆ ಮೊದಲು ಭಯ ಹುಟ್ಟಿಸಿ, ಮರುಕ್ಷಣ ಔಷಧಿ ತೋರಿಸುವುದು ಅವುಗಳ ರೀತಿ. 1905ರಲ್ಲಿ ಪತ್ರಕರ್ತ ಸ್ಯಾಮ್ಯುಯಲ್ ಹಾಪ್ಕಿನ್ಸ್ ಆ್ಯಡಮ್ಸ್ ‘ಕಾಲಿಯರ್ಸ್’ ವಾರಪತ್ರಿಕೆಯಲ್ಲಿ ಈ ಮೋಸಗಳನ್ನು ಒಂದೊಂದಾಗಿ ಬಯಲಿಗೆಳೆದ. ಅವುಗಳಲ್ಲಿ ‘ಲಿಕ್ವೊಜೋನ್’ ಕೂಡ ಒಂದು. ಪರೀಕ್ಷೆ ಮಾಡಿಸಿದರೆ ಅದು ಗಂಧಕಾಮ್ಲದ ಅಂಶ ಬೆರೆಸಿದ ನೀರು. ಮರುವರ್ಷ, 1906ರಲ್ಲಿ, ಅಮೆರಿಕದ ಶುದ್ಧ ಆಹಾರ ಮತ್ತು ಔಷಧ ಕಾಯಿದೆ ಬಂತು. ಸ್ವತಂತ್ರ ಭಾರತಕ್ಕೂ ಅಂಥದೇ ಕಾನೂನು ಬೇಕಾಯಿತು. ಪವಾಡದ ಮದ್ದುಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ ಕಾಯಿದೆ ಇಲ್ಲಿ 1954ರಲ್ಲಿ ಅಂಗೀಕಾರವಾಯಿತು.

ಆ ಲಿಕ್ವೊಜೋನಿನ ಜಾಹೀರಾತುಗಳನ್ನು ಬರೆದಾತ ಕ್ಲಾಡ್ ಹಾಪ್ಕಿನ್ಸ್. ಕಂಪನಿಯಲ್ಲಿ ಆತನಿಗೆ ಪಾಲೂ ಇತ್ತು. ಈ ಕಸುಬಿನ ಅತಿ ದೊಡ್ಡ ಗುರುವೆಂದು ಮುಂದೆ ಹೆಸರಾದವನೂ ಆತನೇ. ಈ ಎರಡನ್ನೂ ಜೊತೆಯಾಗಿ ನೆನೆಯದೆ ಮೊದಲ ಸಾಲಿನ ಚರಿತ್ರೆ ಅರ್ಥವಾಗುವುದಿಲ್ಲ.

ಹಾಪ್ಕಿನ್ಸ್ ಹುಟ್ಟಿದ್ದು 1866ರಲ್ಲಿ, ಮಿಷಿಗನ್ ಸಂಸ್ಥಾನದಲ್ಲಿ. ಬಿಸೆಲ್ ಎಂಬ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಕಂಪನಿ ಮಾಡುತ್ತಿದ್ದದ್ದು ಜಮಖಾನೆ ಗುಡಿಸುವ ಯಂತ್ರ. ಅದನ್ನು ಕ್ರಿಸ್‌ಮಸ್ ಉಡುಗೊರೆಯಾಗಿ ಮಾರಬಹುದೆಂದು ಹೇಳಿ ಆತ ಅಂಗಡಿಗಳಿಗೆ ಸುಮಾರು 5,000 ಕಾಗದ ಕಳಿಸಿದ. 1,000 ಆರ್ಡರು ಬಂತೆಂದು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಕಾಗದ ಶುರುವಾಗುತ್ತಿದ್ದದ್ದು ಯಂತ್ರದ ಹಲ್ಲು-ಚಕ್ರಗಳ ವಿವರದಿಂದಲ್ಲ. ಕೊಳ್ಳುವವರ ಮನೆಯ ಹಬ್ಬದಿಂದ.

ಇನ್ನೊಮ್ಮೆ ಷ್ಲಿಟ್ಸ್ ಎಂಬ ಬಿಯರ್ ಕಂಪನಿ ಆತನನ್ನು ಕರೆಸಿತು. ಆಗ ಎಲ್ಲ ಬಿಯರ್ ಕಂಪನಿಗಳೂ ‘ಶುದ್ಧ’ ಎಂಬ ಒಂದೇ ಪದವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದವು. ಹಾಪ್ಕಿನ್ಸ್ ಬರೆಯುವ ಮೊದಲು ಕಾರ್ಖಾನೆ ಸುತ್ತಿದ. ಗಾಜಿನ ಕೋಣೆಯಲ್ಲಿ ಶೋಧಿಸಿದ ಗಾಳಿಯ ನಡುವೆ ಬಿಯರ್ ತಣಿಯುವುದನ್ನೂ ಬಾಟಲಿಗಳನ್ನು ನಾಲ್ಕು ಬಾರಿ ತೊಳೆಯುವುದನ್ನೂ ನೆಲದಾಳದ ಬಾವಿಯಿಂದ ನೀರು ಎತ್ತುವುದನ್ನೂ ನೋಡಿದ. ಇದನ್ನೆಲ್ಲ ಜನಕ್ಕೆ ಏಕೆ ಹೇಳುವುದಿಲ್ಲ ಎಂದು ಕೇಳಿದಾಗ ಸಿಕ್ಕ ಉತ್ತರ, ಬಿಯರ್ ಮಾಡುವವರೆಲ್ಲರೂ ಹೀಗೆಯೇ ಮಾಡುತ್ತಾರೆ ಎಂಬುದು. ಎಲ್ಲರೂ ಮಾಡುತ್ತಿದ್ದರು, ಯಾರೂ ಹೇಳಿರಲಿಲ್ಲ. ಹಾಪ್ಕಿನ್ಸ್ ಹೇಳಿದ. ಮಾರಾಟದಲ್ಲಿ ಐದನೆಯ ಸ್ಥಾನದಲ್ಲಿದ್ದ ಷ್ಲಿಟ್ಸ್ ಕೆಲವೇ ತಿಂಗಳಲ್ಲಿ ಮೊದಲ ಸ್ಥಾನಕ್ಕೆ ಸಮನಾಯಿತೆಂದು ಆತನ ಲೆಕ್ಕ. ಕಣ್ಣಾರೆ ಕಂಡ ಸಂಗತಿಯೊಂದು ನೂರು ವಿಶೇಷಣಗಳಿಗಿಂತ ಬೇಗ ನಂಬಿಕೆ ಹುಟ್ಟಿಸುತ್ತದೆಂದು ಈ ಕಸುಬು ಕಲಿತದ್ದು ಇಲ್ಲಿಂದ.

ಈ ನಡುವೆ ಶಿಕಾಗೋದ ‘ಲಾರ್ಡ್ ಆ್ಯಂಡ್ ಥಾಮಸ್’ ಜಾಹೀರಾತು ಸಂಸ್ಥೆಯಲ್ಲಿ ಇನ್ನೊಂದು ಘಟನೆ ನಡೆದಿತ್ತು. 1904ರಲ್ಲಿ ಜಾನ್ ಕೆನಡಿ ಎಂಬಾತ ಅಲ್ಲಿನ ಯುವ ಪಾಲುದಾರ ಆಲ್ಬರ್ಟ್ ಲಾಸ್ಕರ್‌ಗೆ ಒಂದು ಚೀಟಿ ಕಳಿಸಿದ. ಜಾಹೀರಾತು ಎಂದರೇನೆಂದು ತನಗೆ ಗೊತ್ತು, ನಿಮಗೆ ಗೊತ್ತಿಲ್ಲ, ತಿಳಿಯಬೇಕಿದ್ದರೆ ಕೆಳಗೆ ಕಾಯುತ್ತಿದ್ದೇನೆ ಎಂಬುದು ಅದರ ಸಾರ. ಲಾಸ್ಕರ್ ಕರೆಸಿಕೊಂಡ. ಜಾಹೀರಾತೆಂದರೆ ಅಚ್ಚಿನಲ್ಲಿ ನಡೆಯುವ ಮಾರಾಟಗಾರಿಕೆ ಎಂಬುದು ಕೆನಡಿಯ ವ್ಯಾಖ್ಯೆ. ಮಾರುವವನು ಮನೆಯ ಬಾಗಿಲಲ್ಲಿ ನಿಂತು ಏನು ಮಾತಾಡುತ್ತಾನೋ ಕಾಗದವೂ ಅದನ್ನೇ ಮಾತಾಡಬೇಕು. ಆ ಚೀಟಿಯೇ ಒಳ್ಳೆಯ ಮೊದಲ ಸಾಲಿನ ಮಾದರಿಯಾಗಿತ್ತು, ಓದಿದವನು ಸುಮ್ಮನೆ ಕೂರುವಂತಿರಲಿಲ್ಲ.

1907ರಲ್ಲಿ ಲಾಸ್ಕರ್ ಹಾಪ್ಕಿನ್ಸ್‌ನನ್ನೂ ತನ್ನ ಸಂಸ್ಥೆಗೆ ಕರೆತಂದ. ಸಂಬಳ ವರ್ಷಕ್ಕೆ 1,85,000 ಡಾಲರ್. ಅಲ್ಲಿ ಹಾಪ್ಕಿನ್ಸ್ ಎಣಿಕೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದ. ಒಂದೇ ಸರಕಿಗೆ ಬೇರೆ ಬೇರೆ ತಲೆಬರಹ, ಪ್ರತಿ ಜಾಹೀರಾತಿನ ಮೂಲೆಯಲ್ಲಿ ಕತ್ತರಿಸಿ ಕಳಿಸುವ ಕೂಪನ್, ಪ್ರತಿ ಕೂಪನ್ನಿನ ಮೇಲೆ ಒಂದು ಗುಟ್ಟಿನ ಸಂಖ್ಯೆ. ಬಂದ ಕೂಪನ್ನುಗಳನ್ನು ಎಣಿಸಿದರೆ ಯಾವ ಸಾಲು ಜನರನ್ನು ಎಳೆಯಿತೆಂಬುದು ತಿಳಿಯುತ್ತಿತ್ತು. 1923ರಲ್ಲಿ ಬಂದ ಆತನ ಸಣ್ಣ ಪುಸ್ತಕ ಈ ಅನುಭವದ ಸಾರ. ತಲೆಬರಹ ಇರುವುದು ಎಲ್ಲರನ್ನೂ ಕರೆಯಲಿಕ್ಕಲ್ಲ, ಜಾತ್ರೆಯ ಗದ್ದಲದಲ್ಲಿ ಒಬ್ಬರ ಹೆಸರು ಹಿಡಿದು ಕೂಗಿದ ಹಾಗೆ ಆ ಸರಕು ಬೇಕಾದವರನ್ನಷ್ಟೇ ತಿರುಗಿ ನೋಡುವಂತೆ ಮಾಡಲಿಕ್ಕೆ ಎಂಬುದು ಅದರ ತಿರುಳು.

ಎಣಿಸುವುದು ರೂಢಿಯಾದ ಮೇಲೆ ಬರೆಯುವವರ ಕಿವಿ ಸೂಕ್ಷ್ಮವಾಯಿತು. 1919ರಲ್ಲಿ ಮ್ಯಾಕ್ಸ್ ಸ್ಯಾಕ್‌ಹೈಮ್ ಎಂಬಾತ ಷರ್ವಿನ್ ಕೋಡಿಯ ಇಂಗ್ಲಿಷ್ ಅಂಚೆ ಪಾಠಗಳಿಗೆ ಒಂದು ತಲೆಬರಹ ಬರೆದ. ಇಂಗ್ಲಿಷಿನಲ್ಲಿ ನೀವು ಈ ತಪ್ಪುಗಳನ್ನು ಮಾಡುತ್ತೀರಾ ಎಂಬುದು ಅದರ ಅರ್ಥ. ಅದು ಸುಮಾರು 40 ವರ್ಷ ಅಚ್ಚಾಗುತ್ತಲೇ ಇತ್ತು. ಅದರ ಜೀವ ಇರುವುದು ಕನ್ನಡದಲ್ಲಾದರೆ ಒಂದೇ ಅಕ್ಷರವಾಗುವ ‘ಈ’ ಎಂಬ ಪದದಲ್ಲಿ. ಅದನ್ನು ತೆಗೆದು, ನೀವು ತಪ್ಪು ಮಾಡುತ್ತೀರಾ ಎಂದು ಕೇಳಿದರೆ ಓದುವವನು ಇಲ್ಲ ಎಂದು ಪುಟ ತಿರುವುತ್ತಾನೆ. ‘ಈ ತಪ್ಪುಗಳು’ ಎಂದ ಕೂಡಲೇ ಯಾವುವು ಎಂದು ಕೆಳಗೆ ನೋಡಲೇಬೇಕಾಗುತ್ತದೆ. ಕೆಳಗೆ ನಿಜವಾಗಿಯೂ ತಪ್ಪುಗಳ ಉದಾಹರಣೆ ಇರುತ್ತಿತ್ತು. ಕೊಳ್ಳದವನೂ ನಾಲ್ಕು ಸರಿ ಪ್ರಯೋಗಗಳನ್ನು ಕಲಿತೇ ಏಳುತ್ತಿದ್ದ.

ಜಾನ್ ಕೇಪಲ್ಸ್ ನೌಕಾಪಡೆಯ ಅಕಾಡೆಮಿಯಲ್ಲಿ ಓದಿ, 1925ರಲ್ಲಿ ನ್ಯೂಯಾರ್ಕಿನ ಜಾಹೀರಾತು ಸಂಸ್ಥೆಯೊಂದಕ್ಕೆ ಸೇರಿದ ಹುಡುಗ. ಕೆಲಸಕ್ಕೆ ಸೇರಿ ವರ್ಷ ತುಂಬುವ ಮೊದಲೇ ಅಂಚೆಯ ಮೂಲಕ ಸಂಗೀತ ಕಲಿಸುವ ಶಾಲೆಯೊಂದರ ಜಾಹೀರಾತು ಅವನ ಪಾಲಿಗೆ ಬಂತು. ಪಿಯಾನೊ ಮುಂದೆ ಕೂತಾಗ ಎಲ್ಲರೂ ನಕ್ಕರು, ಆದರೆ ನುಡಿಸಲು ತೊಡಗಿದಾಗ... ಎಂಬರ್ಥದ ತಲೆಬರಹವನ್ನು ಅವನು ಬರೆದ. ಶಾಲೆ ಎಲ್ಲಿದೆ, ಶುಲ್ಕ ಎಷ್ಟು, ಪಾಠ ಎಷ್ಟು ಎಂಬ ಯಾವ ಮಾತೂ ಮೊದಲಿಗಿಲ್ಲ. ನಾಲ್ಕು ಜನರ ನಡುವೆ ನಗೆಪಾಟಲಾಗುವ ನೋವು ಯಾರಿಗೆ ಗೊತ್ತಿಲ್ಲ? ಆ ನೋವನ್ನೂ ಅದು ತಿರುಗುವ ಗಳಿಗೆಯನ್ನೂ ಒಂದೇ ಉಸಿರಿನಲ್ಲಿ ತೋರಿಸಿ, ಮುಂದೇನಾಯಿತೆಂದು ತಿಳಿಯಲು ಓದುವವರನ್ನು ಕತೆಯೊಳಗೆ ಎಳೆದುಕೊಂಡ. ಇಂದಿಗೂ ಹೆಚ್ಚು ಅನುಕರಣೆಗೆ ಒಳಗಾದ ಜಾಹೀರಾತುಗಳಲ್ಲಿ ಅದೊಂದು. ಆಮೇಲಿನ ದಶಕಗಳನ್ನೆಲ್ಲ ಕೇಪಲ್ಸ್ ಪರೀಕ್ಷೆಗಳಲ್ಲೇ ಕಳೆದ. ಒಂದೇ ಸರಕಿನ ಎರಡು ಜಾಹೀರಾತುಗಳಲ್ಲಿ ಒಂದು ಇನ್ನೊಂದಕ್ಕಿಂತ ಹತ್ತೊಂಬತ್ತೂವರೆ ಪಟ್ಟು ಹೆಚ್ಚು ಮಾರಿದ್ದನ್ನು ತಾನು ಕಂಡಿದ್ದೇನೆ ಎಂದು ಬರೆದ.

ಡೇವಿಡ್ ಓಗಿಲ್ವಿಯದು ಇನ್ನೊಂದು ದಾರಿ. 1958ರಲ್ಲಿ ರೋಲ್ಸ್-ರಾಯ್ಸ್ ಕಾರಿನ ಜಾಹೀರಾತು ಬರೆಯುವ ಮುಂಚೆ ಆತ ಮೂರು ವಾರ ಕಾರಿನ ಬಗೆಗಿನ ಬರಹಗಳನ್ನೇ ಓದಿದ. ಅವುಗಳ ನಡುವೆ ಒಂದು ಸಂಗತಿ ಸಿಕ್ಕಿತು. ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗ ಕಾರಿನೊಳಗೆ ಕೇಳುವ ಅತಿ ದೊಡ್ಡ ಸದ್ದು ವಿದ್ಯುತ್ ಗಡಿಯಾರದ್ದು ಎಂಬ ಆ ಮಾತನ್ನೇ ತಲೆಬರಹ ಮಾಡಿದ. ‘ಐಷಾರಾಮಿ’ ಎಂಬ ಪದವನ್ನು ಬಳಸದೆಯೇ ಐಷಾರಾಮವನ್ನು ಕಿವಿಗೆ ಕೇಳಿಸಿದ. ಜಾಹೀರಾತಿನ ಒಡಲನ್ನು ಓದುವವರಿಗಿಂತ ತಲೆಬರಹ ಓದುವವರು ಸರಾಸರಿ ಐದು ಪಟ್ಟು ಎಂದು 1963ರಲ್ಲಿ ಓಗಿಲ್ವಿ ಕೊಟ್ಟ ಲೆಕ್ಕವನ್ನು ಈ ಕಸುಬಿನವರು ಇಂದಿಗೂ ಪಾಠದಂತೆ ಒಪ್ಪಿಸುತ್ತಾರೆ.

1966ರಲ್ಲಿ ಯೂಜೀನ್ ಷ್ವಾರ್ಟ್ಸ್ ಎಂಬ ಜಾಹೀರಾತು ಬರಹಗಾರ ಈ ಎಲ್ಲ ಅನುಭವಕ್ಕೂ ಒಂದು ಚೌಕಟ್ಟು ಕೊಟ್ಟ. ಮೊದಲ ಸಾಲು ಸರಕಿನಿಂದ ಹುಟ್ಟುವುದಿಲ್ಲ, ಓದುವವನಿಗೆ ಈಗಾಗಲೇ ಎಷ್ಟು ಗೊತ್ತು ಎಂಬುದರಿಂದ ಹುಟ್ಟುತ್ತದೆ ಎಂದ ಆತ ಅರಿವಿನ ಐದು ಮೆಟ್ಟಿಲುಗಳನ್ನು ಗುರುತಿಸಿದ. ಸರಕು ಗೊತ್ತಿದ್ದು ಕೊಳ್ಳಲು ಕಾಯುತ್ತಿರುವವನಿಗೆ ಹೆಸರು ಮತ್ತು ಬೆಲೆ ಸಾಕು. ಸರಕು ಗೊತ್ತಿದ್ದೂ ಇನ್ನೂ ಮನಸ್ಸಾಗದವನಿಗೆ ಇದೇ ಏಕೆ ಎಂಬುದನ್ನು ಹೇಳಬೇಕು. ಪರಿಹಾರ ಬೇಕೆನ್ನುವವನಿಗೆ ಆ ಪರಿಹಾರದಿಂದ, ತೊಂದರೆಯಷ್ಟೇ ಗೊತ್ತಿರುವವನಿಗೆ ಆ ತೊಂದರೆಯಿಂದ ಶುರು ಮಾಡಬೇಕು. ತನಗೆ ತೊಂದರೆ ಇದೆಯೆಂಬುದೇ ಗೊತ್ತಿಲ್ಲದವನ ಬಳಿಗೆ ಹೋಗಲು ಕತೆಯೇ ದಾರಿ. ಮಂಡಿನೋವಿನ ಎಣ್ಣೆಯನ್ನು ನೋವು ತಿನ್ನುತ್ತಿರುವ ಅಜ್ಜಿಗೂ, ಅಜ್ಜಿಗೆ ಏನಾದರೂ ಕೊಂಡೊಯ್ಯಬೇಕೆಂದಿರುವ ಮೊಮ್ಮಗನಿಗೂ ಒಂದೇ ಸಾಲಿನಲ್ಲಿ ಮಾರಲಾಗದು ಎಂದರೆ ಈ ಮಾತು ನಮಗೆ ಬೇಗ ತಿಳಿಯುತ್ತದೆ.

1970ರ ದಶಕ ಅಂಚೆಯ ಕಾಗದಗಳ ಸುಗ್ಗಿಯ ಕಾಲ. ಮನೆತನದ ಲಾಂಛನದ ಚಿತ್ರವನ್ನು ಮಾರುವ 361 ಪದಗಳ ಕಾಗದವೊಂದನ್ನು ಓಹಾಯೋದ ಗ್ಯಾರಿ ಹಾಲ್ಬರ್ಟ್ 1971ರಲ್ಲಿ ಬರೆದ. ಪ್ರತಿ ಕಾಗದದಲ್ಲೂ ಪಡೆಯುವವರ ಮನೆತನದ ಹೆಸರೇ ಇರುತ್ತಿತ್ತು. ಜನ ಕಸದ ಬುಟ್ಟಿಯ ಮೇಲೆ ನಿಂತು ಟಪಾಲು ವಿಂಗಡಿಸುತ್ತಾರೆ, ತಮಗಾಗಿ ಬಂದಂತೆ ಕಾಣುವ ಕಾಗದ ಒಂದು ರಾಶಿಗೆ, ಜಾಹೀರಾತಿನಂತೆ ಕಾಣುವುದು ಇನ್ನೊಂದು ರಾಶಿಗೆ ಹೋಗುತ್ತದೆ ಎನ್ನುತ್ತಿದ್ದ ಆತ. ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಗೆ ಮಾರ್ಟಿನ್ ಕಾನ್ರಾಯ್ ಬರೆದ ಕಾಗದ ಒಂದೇ ಕಾಲೇಜಿನಲ್ಲಿ ಓದಿ ಹೊರಬಂದ ಇಬ್ಬರು ತರುಣರ ಕತೆಯಿಂದ ತೊಡಗುತ್ತದೆ. 25 ವರ್ಷದ ಮೇಲೆ ಒಬ್ಬ ಸಣ್ಣ ವಿಭಾಗದ ವ್ಯವಸ್ಥಾಪಕ, ಇನ್ನೊಬ್ಬ ಅದೇ ಕಂಪನಿಯ ಅಧ್ಯಕ್ಷ. ಹೀಗೇಕಾಯಿತು? 1975ರಿಂದ 2003ರವರೆಗೆ, 28 ವರ್ಷ, ಆ ಕಾಗದ ಹೆಚ್ಚು ಕಡಿಮೆ ಹಾಗೆಯೇ ಉಳಿದು ಚಂದಾದಾರರನ್ನು ತಂದಿತು. ಇದೇ ಕಾಲದಲ್ಲಿ ಕ್ಯಾಲ್ಕುಲೇಟರುಗಳನ್ನು ಅಂಚೆಯಲ್ಲಿ ಮಾರುತ್ತಿದ್ದ ಜೋಸೆಫ್ ಷುಗರ್‌ಮನ್, ಮೊದಲ ವಾಕ್ಯಕ್ಕೆ ಎರಡನೆಯ ವಾಕ್ಯವನ್ನು ಓದಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ ಎಂದು ಕಲಿಸಿದ. ಅವನ ಬರಹಗಳ ಮೊದಲ ವಾಕ್ಯ ಒಮ್ಮೊಮ್ಮೆ ಮೂರು-ನಾಲ್ಕೇ ಪದಗಳದ್ದು.

ಕಂಪ್ಯೂಟರ್ ಜಾಲದ ಮೂಲಕ ಹೋದ ಮೊದಲ ಮಾರಾಟದ ಕಾಗದಕ್ಕೆ ಈ ಯಾವ ವಿದ್ಯೆಯ ಸೋಂಕೂ ಇರಲಿಲ್ಲ. 1978ರ ಮೇ 3ರಂದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥರ್ಕ್, ಆಗಿನ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಹೊಸ ಕಂಪ್ಯೂಟರಿನ ಪ್ರದರ್ಶನಕ್ಕೆ ಕರೆಯುವ ಇಮೇಲ್ ಕಳಿಸಿದ. ವಿಳಾಸ ಬರೆಯುವ ಜಾಗ ಸಾಲಲಿಲ್ಲ. ಉಳಿದ ವಿಳಾಸಗಳು ಕಾಗದದ ಒಡಲಿಗೇ ಹರಿದವು. ತೆರೆದವರಿಗೆ ಮೊದಲು ಕಂಡದ್ದು ಆಹ್ವಾನವಲ್ಲ, ಉದ್ದಾನುದ್ದ ವಿಳಾಸಗಳ ಪಟ್ಟಿ. ದೂರುಗಳ ಸುರಿಮಳೆಯಾಯಿತು. 1994ರ ಏಪ್ರಿಲ್‌ನಲ್ಲಿ ಅರಿಜೋನದ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್ ಎಂಬ ಚರ್ಚಾಜಾಲದ ಸಾವಿರಾರು ಗುಂಪುಗಳಿಗೆ ಒಂದೇ ಸಲ ಹಾಕಿದಾಗ ಸಿಟ್ಟು ಇನ್ನೂ ಜೋರಾಯಿತು. ತೋಟಗಾರಿಕೆ ಮಾತಾಡುವವರಿಗೂ ಸಂಗೀತ ಮಾತಾಡುವವರಿಗೂ ಒಂದೇ ಕೂಗು. ಬೇಕಾದವರನ್ನಷ್ಟೇ ಕರೆಯಬೇಕೆಂಬ ಹಾಪ್ಕಿನ್ಸ್‌ನ ಪಾಠ ಅಲ್ಲಿ ಮರೆತುಹೋಗಿತ್ತು.

ಅದೇ ವರ್ಷದ ಅಕ್ಟೋಬರ್ 27ರಂದು ‘ಹಾಟ್‌ವೈರ್ಡ್’ ಎಂಬ ಜಾಲ ಪತ್ರಿಕೆಯಲ್ಲಿ ಎಟಿ ಅಂಡ್ ಟಿ ಕಂಪನಿಯ ಪಟ್ಟಿ ಜಾಹೀರಾತು ಬಂತು. ಇಲ್ಲಿ ಎಂದಾದರೂ ಮೌಸ್ ಒತ್ತಿದ್ದೀರಾ, ಒತ್ತುತ್ತೀರಿ ಎಂಬುದಷ್ಟೇ ಅದರ ಒಕ್ಕಣೆ. ನೋಡಿದವರಲ್ಲಿ ಶೇ. 44 ಮಂದಿ ಒತ್ತಿದರೆಂದು ದಾಖಲಾಗಿದೆ. ಹೊಸತನ ಕಳೆದಂತೆ ಇಂಥ ಪಟ್ಟಿಗಳನ್ನು ಒತ್ತುವವರು ನೂರಕ್ಕೆ ಒಬ್ಬರೂ ಇಲ್ಲದಾದರು. 1997ರಲ್ಲಿ ಸಂಶೋಧಕ ಯಾಕೋಬ್ ನೀಲ್ಸನ್ ಜಾಲಪುಟ ಓದುವವರನ್ನು ಗಮನಿಸಿ ನೋಡಿದಾಗ ಶೇ. 79 ಮಂದಿ ಕಣ್ಣಾಡಿಸುತ್ತಾರೆ, ಪದಪದವಾಗಿ ಓದುವವರು ಶೇ. 16 ಮಾತ್ರ ಎಂಬುದು ಗೊತ್ತಾಯಿತು. 2000ದ ಅಕ್ಟೋಬರಿನಲ್ಲಿ ಗೂಗಲ್‌ನ ಆ್ಯಡ್‌ವರ್ಡ್ಸ್ ಬಂದಾಗ ಬರೆಯುವ ಜಾಗ ಇನ್ನೂ ಕಿರಿದಾಯಿತು. 2016ರವರೆಗೂ ಅದರ ತಲೆಬರಹಕ್ಕೆ 25 ಅಕ್ಷರಗಳ ಮಿತಿ ಇತ್ತು.

ಜಾಗ ಕುಗ್ಗಿದರೂ ಎಣಿಕೆ ಹಿಗ್ಗಿತು. ಹಾಪ್ಕಿನ್ಸ್‌ಗೆ ಕೂಪನ್ನುಗಳು ಬರಲು ವಾರಗಳು ಬೇಕಿತ್ತು. ಈಗ ಎರಡು ಸಾಲುಗಳ ಪೈಕಿ ಯಾವುದು ಗೆದ್ದಿತೆಂದು ಗಂಟೆಯೊಳಗೆ ಗೊತ್ತಾಗುತ್ತದೆ. 2012ರ ಅಮೆರಿಕದ ಚುನಾವಣೆಯಲ್ಲಿ ಒಬಾಮ ಪ್ರಚಾರ ತಂಡ ದೇಣಿಗೆ ಕೇಳುವ ಇಮೇಲುಗಳ ವಿಷಯದ ಸಾಲನ್ನು ಹೀಗೆಯೇ ಪರೀಕ್ಷಿಸುತ್ತಿತ್ತು. ಒಂದೊಂದು ಇಮೇಲಿಗೆ 18ರವರೆಗೂ ರೂಪಗಳು. ಎದುರಾಳಿ ನನಗಿಂತ ಹೆಚ್ಚು ಖರ್ಚು ಮಾಡಲಿದ್ದಾರೆ ಎಂಬರ್ಥದ ಸಾಲು ಆ ಜೂನ್‌ನಲ್ಲಿ 26 ಲಕ್ಷ ಡಾಲರಿಗೂ ಹೆಚ್ಚು ಹಣ ತಂದಿತು. ಅದೇ ಕಾಗದಕ್ಕೆ ಯೋಚಿಸಿದ್ದ ಅತಿ ದುರ್ಬಲ ಸಾಲು 4 ಲಕ್ಷದಷ್ಟು ತರುತ್ತಿತ್ತೆಂದು ತಂಡದ ಅಂದಾಜು. ಚಿತ್ರ ಬಿಡಿಸಿದ, ಬಣ್ಣ ಹಚ್ಚಿದ ಸಾಲುಗಳಿಗಿಂತ ಪರಿಚಿತರು ಬರೆದಂತಿರುವ ಸರಳ ಸಾಲುಗಳೇ ಅಲ್ಲಿ ಗೆಲ್ಲುತ್ತಿದ್ದವು. ಹಾಲ್ಬರ್ಟ್‌ನ ಎರಡು ರಾಶಿಗಳು ಇಮೇಲಿನ ಪೆಟ್ಟಿಗೆಯಲ್ಲೂ ಇದ್ದವು.

ಇದೇ ಎಣಿಕೆಯ ಇನ್ನೊಂದು ಮುಖ ಚೆನ್ನಾಗಿಲ್ಲ. ಒತ್ತಿದವರನ್ನು ಎಣಿಸುವುದು ಸುಲಭ, ಮೋಸಹೋದೆನೆಂದುಕೊಂಡವರನ್ನು ಎಣಿಸುವುದು ಕಷ್ಟ. ಮುಂದೇನಾಯಿತೆಂದು ಕೇಳಿದರೆ ನಂಬುವುದಿಲ್ಲ ಎಂಬಂಥ ತಲೆಬರಹಗಳು ಜಾಲದ ತುಂಬ ಹಬ್ಬಿದವು. ಕೇಪಲ್ಸ್‌ನ ಪಿಯಾನೊದ ಕತೆಯಲ್ಲಿ ತಲೆಬರಹ ಹುಟ್ಟಿಸಿದ ಕುತೂಹಲಕ್ಕೆ ಕೆಳಗೆ ಉತ್ತರವಿತ್ತು; ಇವುಗಳಲ್ಲಿ ಉತ್ತರವಿರಲಿಲ್ಲ. 2003ರಲ್ಲಿ ಅಂಗೀಕಾರವಾದ ಅಮೆರಿಕದ ಇಮೇಲ್ ಕಾಯಿದೆ ದಾರಿ ತಪ್ಪಿಸುವ ವಿಷಯದ ಸಾಲುಗಳನ್ನು ನಿಷೇಧಿಸಿತು. 2014ರಲ್ಲಿ ಫೇಸ್‌ಬುಕ್ ಇಂಥ ತಲೆಬರಹಗಳನ್ನು ಹಿಂದಕ್ಕೆ ತಳ್ಳುವಂತೆ ತನ್ನ ಏರ್ಪಾಟು ಬದಲಿಸಿತು.

ಈ ಚರಿತ್ರೆಯ ಒಂದು ಎಳೆ ಬೆಂಗಳೂರಿನಲ್ಲೂ ಹಾದುಹೋಗುತ್ತದೆ. ಫ್ಲಿಪ್‌ಕಾರ್ಟ್ 2007ರಲ್ಲಿ ಪುಸ್ತಕ ಮಾರುತ್ತ ಶುರುವಾದದ್ದು ಇಲ್ಲೇ. ಅದು 2010ರಲ್ಲಿ ತಂದ ‘ಕ್ಯಾಶ್ ಆನ್ ಡೆಲಿವರಿ’ಯಲ್ಲಿ ಹಳೆಯ ವಿ.ಪಿ.ಪಿ.ಯ ಜಾಣ್ಮೆಯೇ ಇತ್ತು. ಆದರೆ ಬೆಂಗಳೂರಿನ ಈ ಅಂಗಡಿ ಕನ್ನಡದಲ್ಲಿ ಮಾತಾಡಿದ್ದು 2020ರ ಜೂನ್‌ನಲ್ಲಿ, 13 ವರ್ಷಗಳ ಮೇಲೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆಜಾನ್ ಕೂಡ ಕನ್ನಡಕ್ಕೆ ಬಂತು. 2022ರಲ್ಲಿ ಬೆಂಗಳೂರಿನದೇ ಆದ ಮೀಶೋ ಕೂಡ ಕನ್ನಡಕ್ಕೆ ಬಂತು.

ಬಂದದ್ದು ಸಂತೋಷವೇ. ಆದರೆ ಅಂಥ ಪುಟಗಳಲ್ಲಿ ಕಾಣುವ ಕನ್ನಡ ಬಹುಪಾಲು ಇಂಗ್ಲಿಷ್ ಸಾಲಿನ ಪಡಿಯಚ್ಚು. ‘ತ್ವರೆ ಮಾಡಿ, ಕೇವಲ 2 ಉಳಿದಿವೆ’ ಎಂದು ಚಿಕ್ಕಪೇಟೆಯ ಯಾವ ಅಂಗಡಿಯವರೂ ಹೇಳುವುದಿಲ್ಲ. ‘ಇದೇ ಕೊನೇ ಪೀಸು ಅಕ್ಕ, ಇನ್ನೊಂದು ಬರೋದು ಹಬ್ಬ ಆದ್ಮೇಲೆ’ ಎನ್ನುತ್ತಾರೆ. ಮೊದಲ ಸಾಲು ಹುಟ್ಟಬೇಕಾದದ್ದು ಆಡುವ ಬಾಯಿಯಿಂದ ಎಂಬುದು ಕೆನಡಿಯ ಕಾಲದಿಂದಲೂ ಈ ಕಸುಬಿನ ತಿಳಿವಳಿಕೆ. ಅನುವಾದದ ಯಂತ್ರಕ್ಕೆ ಆ ಬಾಯಿಯಿಲ್ಲ.

ಕೊನೆಯ ಪೀಸು ನಿಜವಾಗಿಯೂ ಕೊನೆಯದೇ ಆಗಿರಬೇಕೆಂಬುದು ಈಗ ಕಾನೂನಿನ ಮಾತೂ ಹೌದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಪಟ್ಟಿಯ ಮೊದಲ ಹೆಸರೇ ಸುಳ್ಳು ಅವಸರ. ಇಲ್ಲದ ಕೊರತೆಯನ್ನು ಇದೆಯೆಂದು ಹೇಳಿ, ಮುಗಿಯದ ಗಡುವನ್ನು ಮುಗಿಯುತ್ತಿದೆಯೆಂದು ತೋರಿಸಿ ಕೊಳ್ಳಲು ದೂಡುವಂತಿಲ್ಲ. ಬಾಟಲಿ ಮದ್ದಿನ ಭಯದಿಂದ 1906ರ ಕಾಯಿದೆ ಹುಟ್ಟಿದ ಹಾಗೆಯೇ ಗಡಿಯಾರ ಓಡಿಸುವ ಪುಟಗಳಿಂದ ಈ ನಿಯಮ ಹುಟ್ಟಿತು.

ಇಂದು ಕರ್ನಾಟಕದ ಸ್ವಸಹಾಯ ಸಂಘಗಳು, ನೇಕಾರರು, ಆಟಿಕೆ ಮಾಡುವವರು, ಮೆಣಸಿನಕಾಯಿ ಬೆಳೆಗಾರರು ತಮ್ಮ ಸರಕನ್ನು ತಾವೇ ಮೊಬೈಲಿನಲ್ಲಿ ಮಾರತೊಡಗಿದ್ದಾರೆ. ಅವರಿಗಾಗಿ ಬರೆಯುವ ಹುಡುಗ ಹುಡುಗಿಯರಿಗೆ ಹಾಪ್ಕಿನ್ಸ್‌ನ ಕಾರ್ಖಾನೆ ಸುತ್ತಾಟಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಚನ್ನಪಟ್ಟಣದ ಆಟಿಕೆಗೆ ಆಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಹಚ್ಚುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಕಡುಕೆಂಪು, ಖಾರ ಕಡಿಮೆ. ‘ಆಕರ್ಷಕ’, ‘ಗುಣಮಟ್ಟದ’, ‘ಅಪ್ಪಟ’ ಎಂಬ ಸವೆದ ಪದಗಳನ್ನು ಬಿಟ್ಟು, ಕಸುಬುದಾರರಿಗೆಲ್ಲ ಗೊತ್ತಿದ್ದೂ ಕೊಳ್ಳುವವರಿಗೆ ಯಾರೂ ಹೇಳದ ಇಂಥ ಒಂದು ಸಂಗತಿಯಿಂದ ಪುಟವನ್ನು ತೆರೆಯಲಿ. ಬರೆಯುವ ಮುಂಚೆ ಒಂದು ದಿನ ಇಳಕಲ್ಲಿಗೆ ಹೋಗಿ ಮಗ್ಗದ ಪಕ್ಕ ಕೂರಲಿ. ಅಲ್ಲಿ ಸೀರೆಯ ಒಡಲಿನ ನೂಲನ್ನೂ ಸೆರಗಿನ ನೂಲನ್ನೂ ಬೇರೆ ಬೇರೆ ಹಾಸಿ, ಎಳೆ ಎಳೆಯನ್ನೂ ಕುಣಿಕೆ ಹಾಕಿ ಸೇರಿಸುತ್ತಾರೆ. ಆ ಜೋಡಣೆಯನ್ನು ನೇಕಾರರು ಕೊಂಡಿ ಎಂದು ಕರೆಯುತ್ತಾರೆ.